ಪಾರ್ಟಿ ಬಂದೈತೆ ಅಣ್ಣಾ

ಹೋದ ತಿಂಗಳು ಸೈಟು ನೋಡಲು ಹೋಗಿದ್ದೆವು. ಬ್ರೋಕರು ಕಾರಿನ ಮುಂದಿನ ಸೀಟಿನಲ್ಲಿ ಕೂತು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ: "ಅಣ್ಣಾ, ಪಾರ್ಟಿ ಜೊತೇಲೇ ಐತೆ. ಹತ್ತು ನಿಮಿಷ." ಹಿಂದಿನ ಸೀಟಿನಲ್ಲಿದ್ದ ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಮದುವೆಯಾಗಿ 22 ವರ್ಷವಾದರೂ ಸಾರಿಗೆ ಹುಳಿ ಎಷ್ಟಿರಬೇಕೆಂಬ ಬಗ್ಗೆ ಒಮ್ಮತಕ್ಕೆ ಬಾರದ ನಾವಿಬ್ಬರೂ ಒಂದೇ ಪಾರ್ಟಿ ಎಂದು ಗೊತ್ತಾದದ್ದು ಆವತ್ತೇ.

ಅವನು "ಐತೆ" ಎಂದದ್ದನ್ನು ಗಮನಿಸಬೇಕು. ಪಾರ್ಟಿ ಯಾವಾಗಲೂ ನಪುಂಸಕಲಿಂಗ. ಅಡ್ವಾನ್ಸ್ ಕೊಟ್ಟ ಮೇಲಷ್ಟೇ ಅದಕ್ಕೆ ಜೀವ ಬಂದು "ಸಾರ್", "ಮೇಡಂ" ಆಗುವುದು. ಸೈಟಿನ ಹತ್ತಿರ ಬಿಳಿ ಷರ್ಟಿನ ಅಣ್ಣ ಕಾಯುತ್ತಿದ್ದರು. ನಾವು ಮೂಲೆಗಲ್ಲು ಹುಡುಕುತ್ತಿರುವಾಗ ಹಿಂದಿನಿಂದ ಪಿಸುಮಾತು ಕೇಳಿಸಿತು. "ಪಾರ್ಟಿ ಹೆಂಗೆ?" "ಸಾಫ್ಟ್ ಅಣ್ಣಾ. ಆದ್ರೆ ಲೋನ್ ಪಾರ್ಟಿ." ಅಣ್ಣ ನಮಗೆಂದು ತರಿಸುತ್ತಿದ್ದ ಎಳನೀರು ಅಷ್ಟಕ್ಕೇ ನಿಂತಿತು.

ಪಾರ್ಟಿ ಆಗುವ ಯೋಗ ನಮ್ಮ ಮನೆಗೆ ಹೊಸದೇನಲ್ಲ. ನಮ್ಮಪ್ಪ ಹದಿನೆಂಟು ವರ್ಷ ಕೋರ್ಟಿನಲ್ಲಿ ಪಾರ್ಟಿಯಾಗಿದ್ದವರು. ಎದುರು ಪಾರ್ಟಿ, ನಮ್ಮ ಚಿಕ್ಕಪ್ಪ. ಕನ್ನಡದಲ್ಲಿ ಕಕ್ಷಿದಾರ ಎಂಬ ಘನವಾದ ಮಾತಿದ್ದರೂ ವಕೀಲರ ಬಾಯಲ್ಲಿ ಬರುತ್ತಿದ್ದದ್ದು "ಪಾರ್ಟಿ ಬಂದಿಲ್ಲ ಸ್ವಾಮಿ, ಡೇಟ್ ಬೇಕು" ಎಂದೇ. ಅಪ್ಪ ಹಿಂದಿನ ಬೆಂಚಿನಲ್ಲಿ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಕೂತಿರುವಾಗಲೇ ಅವರು ಬಂದಿಲ್ಲವೆಂದು ಎರಡು ಸಲ ದಾಖಲಾಗಿದೆ. ಕೇಸು ಯಾವುದು ಎಂದಿರಾ? ಪಾರ್ಟಿಷನ್. ಪಾರ್ಟಿ, ಪಾರ್ಟಿಷನ್ ಎರಡೂ ಒಂದೇ ಬಸಿರಿನವು. ಭಾಗ ಮಾಡು ಎಂಬ ಲ್ಯಾಟಿನ್ ಮೂಲದಿಂದ ಫ್ರೆಂಚರ ಮನೆ ಹಾದು ಇಂಗ್ಲಿಷಿಗೆ ಬಂದವು. ಹಾಗಾಗಿ ಯಾವುದಾದರೂ ಪಾರ್ಟಿ ಒಡೆದರೆ ಅದು ಕೆಟ್ಟಿತು ಎನ್ನಬಾರದು. ತವರಿಗೆ ಹೋಯಿತು ಎನ್ನಬೇಕು.

ಇನ್ನು ಊಟದ ಪಾರ್ಟಿ. ಬೇರೆ ಕಡೆ ಅದನ್ನು ಕೊಡುತ್ತಾರಂತೆ, ನಮ್ಮಲ್ಲಿ ಕೊಡಿಸಬೇಕು. "ಪಾರ್ಟಿ ಯಾವಾಗ ಕೊಡಿಸ್ತೀಯ?" ಎಂಬುದು ಪ್ರಶ್ನೆಯಲ್ಲ, ನೋಟೀಸು. ಇನ್‌ಕ್ರಿಮೆಂಟಿಗೆ ಪಾರ್ಟಿ, ಮಗು ಹುಟ್ಟಿದ್ದಕ್ಕೆ ಪಾರ್ಟಿ. ನನ್ನ ಸಹೋದ್ಯೋಗಿಯೊಬ್ಬ ಕಳುವಾದ ಬೈಕು ಸಿಕ್ಕಿತೆಂದು ಕೊಡಿಸಿದ ಪಾರ್ಟಿಯ ಖರ್ಚಿನಲ್ಲಿ ಇನ್ನೊಂದು ಹಳೇ ಬೈಕೇ ಬರುತ್ತಿತ್ತು.

ಬೈಕು ಎಂದಾಗ ಥರ್ಡ್ ಪಾರ್ಟಿ ನೆನಪಾಗುತ್ತದೆ. ಗಾಡಿಯ ಮಾಲೀಕ ಒಂದನೆಯದು, ವಿಮೆ ಕಂಪನಿ ಎರಡನೆಯದು, ಗುದ್ದಿಸಿಕೊಂಡು ಬಿದ್ದವನು ಮೂರನೆಯದು. 1988ರ ಮೋಟಾರು ವಾಹನ ಕಾಯಿದೆ ಈ ಮೂರನೆಯವನಿಗಾಗಿ ವಿಮೆ ಕಡ್ಡಾಯ ಮಾಡಿದೆ. ಎರಡು ಪಾರ್ಟಿಗಳ ನಡುವೆ ಸಿಕ್ಕ ಮತದಾರನಿಗೆ ಇಂಥದ್ದೊಂದು ಪಾಲಿಸಿಯನ್ನು ಇನ್ನೂ ಯಾವ ಕಂಪನಿಯೂ ತಂದಿಲ್ಲ. ಕ್ಲೇಮು ತಡೆದುಕೊಳ್ಳಲಾಗುವುದಿಲ್ಲವೆಂಬ ಭಯವಿರಬೇಕು.

ನಮ್ಮ ಸಂವಿಧಾನ ಬರೆದವರು ಅದರಲ್ಲಿ ರಾಜಕೀಯ ಪಾರ್ಟಿಯ ಹೆಸರನ್ನೇ ಎತ್ತಿರಲಿಲ್ಲ. 1985ರಲ್ಲಿ 52ನೇ ತಿದ್ದುಪಡಿಯಾಗಿ ಹತ್ತನೇ ಅನುಸೂಚಿ ಸೇರಿದಾಗಲೇ ಅದರ ಪ್ರವೇಶ. ಬಂದದ್ದಾದರೂ ಏತಕ್ಕೆ? ಪಾರ್ಟಿ ಬಿಟ್ಟು ಓಡುವವರನ್ನು ಹಿಡಿಯುವುದಕ್ಕೆ. ಮದುವೆಯ ವಿಚಾರವನ್ನೇ ಎತ್ತದೆ ನೇರವಾಗಿ ವಿಚ್ಛೇದನದಿಂದ ಕಥೆ ಶುರುವಾದಂತೆ. ಮೂರನೇ ಒಂದು ಭಾಗದಷ್ಟು ಶಾಸಕರು ಒಟ್ಟಿಗೆ ಹೊರಟರೆ ಅಡ್ಡಿಯಿಲ್ಲ ಎಂದು ಅದರಲ್ಲೇ ಒಂದು ಹಿಂಬಾಗಿಲನ್ನೂ ಇಟ್ಟಿದ್ದರು. 2003ರಲ್ಲಿ ಅದನ್ನು ಮುಚ್ಚಿದರು. ಮೂರನೇ ಎರಡು ಭಾಗ ಒಪ್ಪಿ ಇನ್ನೊಂದು ಪಾರ್ಟಿಯಲ್ಲಿ ವಿಲೀನವಾಗುವ ಮುಂಬಾಗಿಲು ಈಗಲೂ ತೆರೆದೇ ಇದೆ. ಒಬ್ಬ ಎಮ್ಮೆ ಹೊಡೆದುಕೊಂಡು ಹೋದರೆ ಕಳ್ಳತನ, ಊರಿಗೆ ಊರೇ ಹೊಡೆದುಕೊಂಡು ಹೋದರೆ ಜಾತ್ರೆ.

ನಮ್ಮವರು ಆ ಬಾಗಿಲನ್ನೂ ನೆಚ್ಚಿಕೊಳ್ಳಲಿಲ್ಲ. 2019ರಲ್ಲಿ ಹದಿನೇಳು ಶಾಸಕರು ಅನರ್ಹರಾದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆ ಸರಿ ಎಂದಿತು, ಚುನಾವಣೆಗೆ ನಿಲ್ಲಬಹುದು ಎಂದೂ ಅಂದಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಹೊಸ ಪಾರ್ಟಿಯಿಂದ ನಿಂತವರಲ್ಲಿ ಬಹಳಷ್ಟು ಜನ ಗೆದ್ದರು, ಗೆದ್ದವರಲ್ಲಿ ಹೆಚ್ಚಿನವರು ಮಂತ್ರಿಗಳೂ ಆದರು. ಪಾರ್ಟಿ ಮಾಡುವುದಕ್ಕೂ ಪಾರ್ಟಿ ಬಿಡುವುದಕ್ಕೂ ಒಂದೇ ಜಾಗ, ರೆಸಾರ್ಟು, ಎಂಬ ಅನುಕೂಲ ಬೇರೆ ಯಾವ ಭಾಷೆಯಲ್ಲಿ ಇದೆಯೋ ಕಾಣೆ.

ಇದೆಲ್ಲ ಇಂಗ್ಲಿಷಿನಿಂದ ಅಂಟಿದ ರೋಗ, ಪಕ್ಷ ಎಂದು ಅಚ್ಚುಕಟ್ಟಾಗಿ ಹೇಳಿದರೆ ವಾಸಿಯಾಗುತ್ತದೆ ಎನ್ನುವ ಮೇಷ್ಟರೊಬ್ಬರು ನನಗೆ ಗೊತ್ತು. ಅವರಿಗೆ ಏನು ಹೇಳಲಿ? ಪಕ್ಷ ಎಂದರೆ ರೆಕ್ಕೆ. ಕೂತಲ್ಲಿ ಕೂರುವುದು ಅದರ ಜಾಯಮಾನವೇ ಅಲ್ಲ. ಪಕ್ಷ ಎಂದರೆ ಹದಿನೈದು ದಿನವೂ ಹೌದು. 1967ರಲ್ಲಿ ಹರಿಯಾಣದ ಗಯಾ ಲಾಲ್ ಎಂಬ ಶಾಸಕರು ಒಂದು ಪಕ್ಷದ ಅವಧಿಯಲ್ಲಿ ಮೂರು ಸಲ ಪಕ್ಷ ಬದಲಿಸಿ "ಆಯಾ ರಾಮ್, ಗಯಾ ರಾಮ್" ಎಂಬ ಮಾತಿಗೆ ಕಾರಣರಾದರು. ಎರಡು ಅರ್ಥವನ್ನೂ ಅಷ್ಟು ಕರಾರುವಾಕ್ಕಾಗಿ ಒಟ್ಟಿಗೆ ದುಡಿಸಿಕೊಂಡ ಪಂಡಿತರು ಇನ್ನೊಬ್ಬರಿಲ್ಲ. ಸಾಲದ್ದಕ್ಕೆ ನಮ್ಮ ಮಂಡ್ಯದ ಕಡೆ ಪಕ್ಷ ಮಾಡುವುದು ಎಂದರೆ ಸತ್ತ ಹಿರಿಯರಿಗೆ ಎಡೆಯಿಟ್ಟು, ಬದುಕಿರುವವರು ಬಾಡೂಟ ಹೊಡೆಯುವುದು. ಅಲ್ಲಿಗೆ ಕನ್ನಡದ ಪಕ್ಷವೂ ಊಟಕ್ಕೇ ಬಂದು ಕೂತಿತು.

ಈ ಸಲ ಪಕ್ಷಕ್ಕೆ ಊರಿಗೆ ಹೋಗಿದ್ದೆ. ಪಾರ್ಟಿಷನ್ ಆದಮೇಲೆ ಮನೆಯ ನಡುವೆ ಗೋಡೆ ಬಂದು ತಾರಸಿಯೂ ಎರಡಾಗಿದೆ. ಒಂದೇ ತಾತನಿಗೆ ಎರಡು ಎಡೆ. ನಮ್ಮ ಕಡೆಯ ಬಾಳೆಲೆಯಲ್ಲಿ ಮುದ್ದೆ, ಮಟನ್ ಸಾರು, ಎರಡು ಬೀಡಿ, ಲೋಟದ ತಳದಲ್ಲಿ ಒಂದಿಷ್ಟು ಬ್ರಾಂದಿ. ಅಪ್ಪ ಕೈಮುಗಿದು ಕಾಗೆಗೆ ಕಾದರು. ಬಹಳ ಹೊತ್ತಿಗೆ ಒಂದು ಬಂತು. ಮುದ್ದೆಯನ್ನು ಕುಕ್ಕಿತು, ಕತ್ತು ಓರೆ ಮಾಡಿ ನಮ್ಮನ್ನೆಲ್ಲ ನೋಡಿತು, ಗೋಡೆ ದಾಟಿ ಚಿಕ್ಕಪ್ಪನ ಎಲೆಯ ಮುಂದೆ ಕೂತು ಗಡದ್ದಾಗಿ ತಿನ್ನತೊಡಗಿತು.

"ನೋಡಣ್ಣೋ!" ಹದಿನೆಂಟು ವರ್ಷ ಅಪ್ಪನೊಡನೆ ಮಾತು ಬಿಟ್ಟಿದ್ದ ಚಿಕ್ಕಪ್ಪ ಆ ಕಡೆಯಿಂದ ಕೂಗಿದರು. "ನಮ್ಮಪ್ಪ ನಮ್ ಪಾರ್ಟಿ!"

ಅಪ್ಪ ಏನೂ ಹೇಳಲಿಲ್ಲ. ಟವೆಲ್ಲು ಕೊಡವಿ ಮೆಟ್ಟಿಲು ಇಳಿಯುತ್ತಾ ನನ್ನ ಕಿವಿಯ ಹತ್ತಿರ ಗೊಣಗಿದರು: "ಅವ್ರು ಬೋಟಿ ಮಾಡವ್ರೆ ಕಣ್ಲಾ, ಅದಕ್ಕೆ."