ಯವನ ಧೂಮಶಕಟ ವಿಚಾರ

ಪ್ರಾಚೀನ ಗ್ರೀಕರು, ಅಂದರೆ ನಮ್ಮ ಹಳಬರು ಯವನರೆಂದು ಕರೆದ ಜನ, ಉಗಿಬಂಡಿ ಓಡಿಸುತ್ತಿದ್ದರೆಂಬುದನ್ನು ಈ ಪ್ರಬಂಧದಲ್ಲಿ ನಿಸ್ಸಂದೇಹವಾಗಿ ಸಾಧಿಸಲಾಗುವುದು. ಅದಕ್ಕೆ ಆಧಾರ ಅತ್ತೆಮೀಸೆ ನ್ಯಾಯ. ಅತ್ತೆಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಎನ್ನಬಹುದಿತ್ತಂತೆ. ಬಂದಿತ್ತೋ ಇಲ್ಲವೋ ಎಂದು ಹತ್ತಿರ ಹೋಗಿ ನೋಡುವ ಧೈರ್ಯ ಯಾರಿಗೂ ಆಗದ ಕಾರಣ, ಬಂದಿತ್ತೆಂದೇ ಹಿಡಿಯತಕ್ಕದ್ದು. ಪ್ರಾಚೀನರ ವೈಭವವನ್ನು ಕುರಿತ ಬಹುಪಾಲು ಸಾಹಿತ್ಯ ಈ ನ್ಯಾಯದ ಮೇಲೆಯೇ ನಿಂತಿದೆ. ನಾವೇನೂ ಹೊಸತು ಮಾಡುತ್ತಿಲ್ಲ.

ಮೊದಲು ಎಂಜಿನ್. ಅಲೆಕ್ಸಾಂಡ್ರಿಯಾದ ಹೆರಾನ್ ತನ್ನ ‘ನ್ಯೂಮ್ಯಾಟಿಕಾ’ ಗ್ರಂಥದಲ್ಲಿ ಅದನ್ನು ವರ್ಣಿಸಿದ್ದಾನೆ. ಮುಚ್ಚಿದ ಕಡಾಯಿಯಲ್ಲಿ ನೀರು, ಅಡಿಯಲ್ಲಿ ಬೆಂಕಿ, ಮೇಲೆ ತಿರುಗುವಂತೆ ಕೂರಿಸಿದ ಟೊಳ್ಳು ಗುಂಡು, ಗುಂಡಿಗೆ ಎದುರುಬದುರು ದಿಕ್ಕಿಗೆ ಬಾಗಿದ ಎರಡು ಕೊಳವೆ. ಉಗಿ ಕೊಳವೆಗಳಿಂದ ನುಗ್ಗಿದೊಡನೆ ಗುಂಡು ಗಿರಗಿರನೆ ತಿರುಗುತ್ತದೆ. ನಮ್ಮ ಕಾಲದ ಪ್ರತಿಕೃತಿಯೊಂದು ನಿಮಿಷಕ್ಕೆ 1500 ಸುತ್ತು ಹಾಕಿದೆ. ಅದು ಏನನ್ನೂ ಎಳೆಯಲಿಲ್ಲ, ಎತ್ತಲಿಲ್ಲ, ಅರೆಯಲಿಲ್ಲವಲ್ಲ ಎಂದು ಪೂರ್ವಪಕ್ಷಿ ಗೊಣಗುತ್ತಾನೆ. ಅಷ್ಟೆಲ್ಲ ಸುತ್ತಿಯೂ ಏನೊಂದೂ ಕೆಲಸ ಆಗದಿರುವುದು ಆಟಿಕೆಯ ಲಕ್ಷಣವಲ್ಲ, ಇಲಾಖೆಯ ಲಕ್ಷಣ. ಆದುದರಿಂದ ಅಲೆಕ್ಸಾಂಡ್ರಿಯಾದಲ್ಲಿ ರೈಲ್ವೆ ಇಲಾಖೆ ಇತ್ತೆಂಬುದು ಸಿದ್ಧವಾಯಿತು. ಈ ಹೆರಾನ್ ಯಾವ ಶತಮಾನದವನೆಂದೇ ವಿದ್ವಾಂಸರಿಗೆ ಬಹುಕಾಲ ತಿಳಿದಿರಲಿಲ್ಲ. ಅವನು ಹೆಸರಿಸಿದ ಚಂದ್ರಗ್ರಹಣ ಕ್ರಿ.ಶ. 62ರದ್ದೆಂದು ಗಣಿತ ಹಾಕಿದ ಮೇಲೆ ಆಸಾಮಿ ಪತ್ತೆಯಾದ. ನೂರಾರು ವರ್ಷ ಹಿಂದುಮುಂದಾಗಿಯೂ ಕಡೆಗೆ ಬಂದು ಸೇರಿದ್ದರಿಂದ ರೈಲಿಗೂ ಅವನಿಗೂ ಇರುವ ಸಂಬಂಧ ಮತ್ತಷ್ಟು ಗಟ್ಟಿಯಾಗುತ್ತದೆ.

ಪಿಸ್ಟನ್ ಎಲ್ಲಿ ಎಂದು ಕೇಳುವವರಿಗೆ ಉತ್ತರ ಕ್ಟೆಸಿಬಿಯಸ್. ಅದೇ ಊರಿನ ಕ್ಷೌರಿಕನ ಮಗ, ಕ್ರಿ.ಪೂ. ಮೂರನೆಯ ಶತಮಾನದವನು. ಸಿಲಿಂಡರು, ಪಿಸ್ಟನ್ನು, ಕವಾಟ ಎಲ್ಲ ಇದ್ದ ಪಂಪು ಅವನದು. ಹೀಗೆ ಒಂದೇ ಊರಿನಲ್ಲಿ ಕಡಾಯಿಯೂ ಪಿಸ್ಟನ್ನೂ ಮುನ್ನೂರು ವರ್ಷಗಳ ಅಂತರದಲ್ಲಿ ನೆರೆಹೊರೆಯಾಗಿದ್ದವು. ಮಾತುಕತೆ ನಡೆಯಲಿಲ್ಲ, ಅಷ್ಟೆ.

ಇನ್ನು ಹಳಿ. ಕೊರಿಂಥ್ ಭೂಸಂಧಿಯ ಮೇಲೆ ಕ್ರಿ.ಪೂ. 600ರ ಸುಮಾರಿಗೆ ಹಾಸಿದ ಡಿಯೋಲ್ಕೋಸ್ ಎಂಬ ಕಲ್ಲುದಾರಿಯಲ್ಲಿ ಬಂಡಿಗಾಲಿಗೆ ತೋಡುಗಳಿವೆ. ಅವುಗಳ ನಡುವಣ ಅಂತರ ಸುಮಾರು 1.6 ಮೀಟರ್. ಭಾರತೀಯ ಬ್ರಾಡ್‌ಗೇಜ್ 1.676 ಮೀಟರ್. ಉಳಿದ ಏಳೂವರೆ ಸೆಂಟಿಮೀಟರು ಮಳೆಗೆ ಸವೆದಿದೆ. (ಸವೆದರೆ ತೋಡು ಅಗಲವಾಗಬೇಕಲ್ಲವೇ, ಅಂತರ ಹೇಗೆ ಕುಗ್ಗೀತು ಎಂಬ ಪ್ರಶ್ನೆ ಪ್ರಬಂಧದ ವ್ಯಾಪ್ತಿಗೆ ಹೊರಗಿನದು.) ಕ್ರಿ.ಪೂ. 428ರಲ್ಲಿ ಸ್ಪಾರ್ಟಾದವರು ಈ ಭೂಸಂಧಿಯ ಮೇಲೆ ಹಡಗುಗಳನ್ನೇ ಎಳೆದು ದಾಟಿಸಲು ಸಿದ್ಧರಾಗಿ ನಿಂತರು. ಮಿತ್ರರಾಜ್ಯದವರು ಮಾತ್ರ ಸುಗ್ಗಿಯಲ್ಲಿ ಮುಳುಗಿ ಬೇಗ ಬಂದು ಸೇರಲೇ ಇಲ್ಲವೆಂದು ಇತಿಹಾಸಕಾರ ಥುಸಿಡಿಡೀಸ್ ಬರೆಯುತ್ತಾನೆ. ಸಿಬ್ಬಂದಿಯ ಅಭಾವದಿಂದ ಸಂಚಾರ ವಿಳಂಬವಾದ ಅತಿ ಹಳೆಯ ದಾಖಲೆಯೆಂದು ಇದನ್ನು ನಾವು ಪರಿಗಣಿಸುತ್ತೇವೆ.

ಹಾಗಾದರೆ ಆ ರೈಲು ಎಲ್ಲಿ ಹೋಯಿತು? ಮಾಲೀಕರು ಯಾರಾಗಿದ್ದರೆಂದು ನೋಡಿದರೆ ತಿಳಿಯುತ್ತದೆ. ಹೆರಾನನ ಯಂತ್ರಗಳಲ್ಲಿ ಲಾಭದ ಲೆಕ್ಕ ಕಾಣುವುದು ಗುಡಿಯ ಬಾಗಿಲಲ್ಲಿ. ಐದು ದ್ರಾಖ್ಮೆಯ ನಾಣ್ಯ ಹಾಕಿದರೆ ಸನ್ನೆಯ ತಟ್ಟೆ ಕೆಳಗಿಳಿದು ಕವಾಟ ತೆರೆದು ತೀರ್ಥ ಬೀಳುತ್ತದೆ. ನಾಣ್ಯ ಜಾರಿದೊಡನೆ ನಿಲ್ಲುತ್ತದೆ. ಬಲಿಪೀಠದಲ್ಲಿ ಬೆಂಕಿ ಹೊತ್ತಿಸಿದರೆ ಒಳಗಿನ ಗಾಳಿ ಹಿಗ್ಗಿ ನೀರನ್ನು ದೂಡಿ, ಆ ನೀರು ಬಕೆಟ್ಟಿಗೆ ಬಿದ್ದು, ಬಕೆಟ್ಟಿನ ಭಾರಕ್ಕೆ ಹಗ್ಗ ಎಳೆದು ಗರ್ಭಗುಡಿಯ ಬಾಗಿಲು ತಾನೇ ತೆರೆಯುತ್ತದೆ. ಭಕ್ತರು ನೆಲಕ್ಕೆ ಬೀಳುತ್ತಾರೆ. ಈ ಬಕೆಟ್ಟು ಭಕ್ತರಿಗೆ ಕಾಣಬಾರದು. ಕಂಡರೆ ಮರುದಿನ ಕಾಣಿಕೆ ಇಲ್ಲ. ಇಂಗ್ಲೆಂಡಿನ ನ್ಯೂಕೊಮೆನ್ ಹಾಗಲ್ಲ, 1712ರಲ್ಲಿ ತನ್ನ ಉಗಿ ಎಂಜಿನ್ನನ್ನು ಗಣಿಯ ಬಾಯಲ್ಲಿ ನಿಲ್ಲಿಸಿದ. ಅದು ಕಲ್ಲಿದ್ದಲನ್ನು ಹೇರಳವಾಗಿ ನುಂಗುತ್ತಿದೆಯೆಂದು ಊರಿಗೆಲ್ಲ ಕಂಡಿತು, ಬೈದರು, ತಿದ್ದಿದರು, ಜೇಮ್ಸ್ ವಾಟ್ ಬಂದ. ಗುಡಿಯ ಯಂತ್ರವನ್ನು ಬೈಯುವ ಹಾಗಿಲ್ಲ. ಆದ್ದರಿಂದ ಯವನ ರೈಲ್ವೆ ನಡೆದದ್ದು ಹೀಗೆಂದು ಊಹಿಸಬೇಕು: ಚಾಲಕ ಪುರೋಹಿತ, ಎಳೆಯುವವನು ಜ್ಯೂಸ್ ದೇವರೆಂದು ಪ್ರಯಾಣಿಕರ ನಂಬಿಕೆ, ಬಾಯ್ಲರು ಒಡೆದರೆ ದೇವರ ಕೋಪ, ತನಿಖೆಗೆ ಬದಲು ಪ್ರಾಯಶ್ಚಿತ್ತ. ಇನ್ನೂರು ವರ್ಷ ಕಳೆದರೂ ಹಳೆಯ ಬಾಯ್ಲರೇ. ಹೆಚ್ಚಾದದ್ದು ಹೋರಿಗಳ ಬಲಿ ಮಾತ್ರ.

ಗುಡಿಯ ಹೊರಗೂ ಯಂತ್ರಕ್ಕೆ ಅವಸರವಿದ್ದಂತಿಲ್ಲ. ಮಗ್ಗದ ಲಾಳಿ ತಾನೇ ಓಡಿದರೆ ಒಡೆಯರಿಗೆ ಗುಲಾಮರು ಬೇಡವಾಗುತ್ತಾರೆಂದು ಅರಿಸ್ಟಾಟಲನಿಗೂ ಹೊಳೆದಿತ್ತು. ಲಾಳಿ ಓಡಲಿಲ್ಲವೆಂದು ಅವನೇನೂ ಕೊರಗಿದಂತಿಲ್ಲ.

ಕಡೆಯದಾಗಿ, ಕನ್ನಡಿಗರಿಗೆ ಇದರಲ್ಲೇನಿದೆ? ಹೆರಾನನ ಈಜಿಪ್ಟಿನದೇ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಸಂಖ್ಯೆ 413ರಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಚಾರಿಟಿಯಾನ್ ಎಂಬ ಯವನ ಹುಡುಗಿ ಭಾರತದ ಕರಾವಳಿಯಲ್ಲಿ ಸೆರೆಯಾಗಿದ್ದಾಳೆ. ಬಿಡಿಸಲು ಬಂದವರು ಅಲ್ಲಿನ ರಾಜನಿಗೆ ನೀರು ಬೆರೆಸದ ಮದ್ಯ ಕುಡಿಸಿ ಅವಳನ್ನು ಹಡಗು ಹತ್ತಿಸುತ್ತಾರೆ. ಅಲ್ಲಿನವರ ಮಾತಿನಲ್ಲಿ ಹುಲ್ಟ್ಸ್, ಗೋವಿಂದ ಪೈ ಮೊದಲಾದ ವಿದ್ವಾಂಸರು ಕನ್ನಡವನ್ನು ಗುರುತಿಸಿದರು, ಬೇರೆಯವರು ಒಪ್ಪಲಿಲ್ಲ. ಆ ಜಗಳ ನಮಗೆ ಬೇಡ. ನಮಗೆ ಮುಖ್ಯ ಆ ಪ್ರಹಸನದ ವಿದೂಷಕ. ಅವನು ಶತ್ರುಗಳನ್ನು ಹಿಮ್ಮೆಟ್ಟಿಸುವುದು ಅಪಾನವಾಯುವಿನಿಂದ. ವಿದ್ವಾಂಸರು ಮುಜುಗರಪಟ್ಟು ದಾಟಿಹೋಗುವ ಈ ಪ್ರಸಂಗದಲ್ಲಿ ಮುಚ್ಚಿದ ಪಾತ್ರೆ, ಒತ್ತಡ, ಕೊಳವೆ ಮೂರೂ ಇವೆ. ಮೇಲಾಗಿ ಹೆರಾನನ ಗುಂಡು ಎಷ್ಟು ಸುತ್ತಿದರೂ ಮಾಡದಿದ್ದ ಉಪಯುಕ್ತ ಕೆಲಸವೂ ಇದೆ. ಯವನ ನ್ಯೂಮ್ಯಾಟಿಕ್ಸ್ ಸಾರ್ವಜನಿಕವಾಗಿ ಸಫಲವಾದದ್ದು ಹೀಗೆ ನಮ್ಮ ಕಡಲತೀರದಲ್ಲೇ. ಅಂದು ಅವನು ಏನು ಉಂಡಿದ್ದನೆಂದು ಪಪೈರಸ್ ಹೇಳುವುದಿಲ್ಲ. ಹುರುಳಿಯೆಂಬುದು ನಮ್ಮ ಖಚಿತ ಅಭಿಪ್ರಾಯ. ಇಂಧನ ಒದಗಿಸಿದ ಕೀರ್ತಿ ಕನ್ನಡಿಗರದೆಂದು ಸರ್ಕಾರ ಕೂಡಲೇ ಘೋಷಿಸತಕ್ಕದ್ದು.