ಸಡಿಲ ಚುಕ್ಕಾಣಿ ಮೀಮಾಂಸೆ

ಚುಕ್ಕಾಣಿಯೆಂಬ ಪದಾರ್ಥವು ಕನ್ನಡದಲ್ಲಿ ನೀರಿಗಿಂತ ಹೆಚ್ಚಾಗಿ ವೃತ್ತಪತ್ರಿಕೆಗಳಲ್ಲಿ ಕಾಣಸಿಗುವ ವಸ್ತುವಾಗಿದ್ದು, ಅಲ್ಲಿ ಅದನ್ನು ಮುಖ್ಯಮಂತ್ರಿಗಳು, ಪಕ್ಷಾಧ್ಯಕ್ಷರು, ಸಹಕಾರ ಸಂಘದ ನಿರ್ದೇಶಕರು ಸರದಿಯಂತೆ ಹಿಡಿಯುತ್ತಾರೆ, ಕೆಲವೊಮ್ಮೆ ಒಂದನ್ನೇ ಇಬ್ಬರು ಹಿಡಿದು ಎಳೆದಾಡುವುದೂ ಉಂಟು. ಅರಬ್ಬಿಯ ‘ಸುಕ್ಕಾನ್’ ಎಂಬ ಕಡಲ ಮಾತಿನಿಂದ ಬಂದ ಈ ಶಬ್ದವು ಹೀಗೆ ನೆಲದ ಮೇಲೆ ನೆಲೆಗೊಂಡ ಬಳಿಕ, ಹಿಡಿಯುವವರ ಯೋಗ್ಯತೆಯ ಕುರಿತು ಅಪಾರ ವಾಙ್ಮಯ ಬೆಳೆದಿದ್ದರೂ, ಹಿಡಿದದ್ದು ಯಾವುದರ ಮೇಲೆ ನೇತಾಡುತ್ತಿದೆ ಎಂಬ ಪ್ರಶ್ನೆ ಮಾತ್ರ ಪಂಡಿತರ ಗಮನಕ್ಕೆ ಬಂದಂತಿಲ್ಲ. ಪ್ರಸ್ತುತ ಪ್ರಬಂಧವು ಆ ಕೊರತೆಯನ್ನು ನೀಗಿಸಲು ಹೊರಟಿದೆ.

ಹಳೆಯ ಹಾಯಿದೋಣಿಯ ಚುಕ್ಕಾಣಿಯು ಬಾಗಿಲಿನಂತೆ ದೋಣಿಯ ಹಿಂಭಾಗಕ್ಕೆ ತೂಗುಹಾಕಿದ ಹಲಗೆಯಾಗಿದ್ದು, ಅದಕ್ಕೆ ಜೋಡಿಸಿದ ಲೋಹದ ಗೂಟಗಳು ದೋಣಿಗೆ ಜೋಡಿಸಿದ ಲೋಹದ ಬಳೆಗಳಲ್ಲಿ ಕೂತು ತಿರುಗುತ್ತವೆ; ರಾಗಿ ಬೀಸುವ ಕಲ್ಲಿನ ನಡುಗೂಟವನ್ನು ಬಲ್ಲವರಿಗೆ ಇದರಲ್ಲಿ ಅರ್ಥವಾಗದ್ದೇನೂ ಇಲ್ಲ. ಇಂಗ್ಲಿಷಿನಲ್ಲಿ ಗೂಟಕ್ಕೆ ಪಿಂಟಲ್, ಬಳೆಗೆ ಗಜನ್ ಎಂದು ಹೆಸರು. ಗಜನ್ ಎಂಬುದಕ್ಕೂ ಆನೆಗೂ ಯಾವ ಸಂಬಂಧವೂ ಇಲ್ಲ, ಅದೇ ಹೆಸರಿನ ಒಂದು ಸಣ್ಣ ಮೀನಿರುವುದೂ ಬರೀ ಕಾಕತಾಳೀಯ. ಪಿಂಟಲ್ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿದ್ದ ಅರ್ಥವನ್ನು ಸಭಾಮರ್ಯಾದೆಯ ದೃಷ್ಟಿಯಿಂದ ಇಲ್ಲಿ ಬಿಡಿಸಿ ಹೇಳಲಾಗದಾದರೂ, ಗೂಟ ಮತ್ತು ಬಳೆಗೆ ಹೆಸರಿಡಲು ಕೂತ ನಾವಿಕರ ಮನಸ್ಸು ಎತ್ತ ಹರಿದಿರಬಹುದೆಂಬುದನ್ನು ಊಹಿಸಲು ಭಾಷಾಶಾಸ್ತ್ರದ ನೆರವು ಬೇಕಾಗುವುದಿಲ್ಲ.

ಇತಿಹಾಸವನ್ನು ಹೆಚ್ಚು ಕೆದಕುವ ಅಗತ್ಯವಿಲ್ಲ. ಚೀನಾದ ಗ್ವಾಂಗ್‌ಝೌನಲ್ಲಿ ದೊರೆತ, ಹಾನ್ ವಂಶದ ಕಾಲದ ಮಣ್ಣಿನ ದೋಣಿಯ ಮಾದರಿಯೊಂದರ ಹಿಂಬದಿಯಲ್ಲಿ ಆಗಲೇ ಚುಕ್ಕಾಣಿ ಇದೆ. ಬಲಮಗ್ಗುಲಿಗೆ ಕಟ್ಟಿದ ಹುಟ್ಟಿನಿಂದಲೇ ಹಡಗು ತಿರುಗಿಸುತ್ತಿದ್ದ ಯುರೋಪಿನಲ್ಲಿ 1242ರ ಎಲ್ಬಿಂಗ್ ನಗರಮುದ್ರೆಯ ಹೊತ್ತಿಗೆ ಅದು ಸ್ಪಷ್ಟವಾಗಿ ಹಿಂಬದಿಗೆ ಬಂದು ನಿಂತಿದೆ. ಈ ಮೀಮಾಂಸೆಗೆ ಹೆಚ್ಚು ಒದಗುವುದು 1942ರಲ್ಲಿ ಸ್ವೀಡನ್ನಿನಲ್ಲಿ ನೀರಿಗಿಳಿದ ನಾರ್ಡಿಕ್ ಫೋಕ್‌ಬೋಟ್ ಎಂಬ, ಏಳೂವರೆ ಮೀಟರಿಗೆ ತುಸು ಮಿಗಿಲಾದ ಉದ್ದದ ದೋಣಿ. ಅದರ ವಿನ್ಯಾಸಕ್ಕಾಗಿ ನಡೆದ ಸ್ಪರ್ಧೆಯಲ್ಲಿ ಯಾರೂ ಗೆಲ್ಲಲಿಲ್ಲ. ಬಂದ ಹಲವು ನಕ್ಷೆಗಳ ಗುಣಗಳನ್ನು ಕೂಡಿಸಿ ಟೋರ್ಡ್ ಸುಂಡೆನ್ ಎಂಬವರಿಂದ ಅಂತಿಮ ನಕ್ಷೆ ಬರೆಸಲಾಯಿತು. ಸಮಿತಿಯೊಂದರಿಂದ ಹುಟ್ಟಿಯೂ ತೇಲುತ್ತಿರುವ ವಸ್ತುವೆಂಬ ಕಾರಣಕ್ಕೇ ಅದು ಅಧ್ಯಯನಯೋಗ್ಯ. 1960ರಲ್ಲಿ ಬ್ಲಾಂಡಿ ಹ್ಯಾಸ್ಲರ್ ಎಂಬವರು ಮಾರ್ಪಡಿಸಿದ ಫೋಕ್‌ಬೋಟ್ ‘ಜೆಸ್ಟರ್’ನಲ್ಲಿ ಒಬ್ಬಂಟಿಯಾಗಿ 48 ದಿನಗಳಲ್ಲಿ ಅಟ್ಲಾಂಟಿಕ್ ದಾಟಿದಾಗ, ಬಹುಪಾಲು ಹೊತ್ತು ದೋಣಿಯನ್ನು ತಿದ್ದುತ್ತಿದ್ದುದು ಗಾಳಿಯಿಂದ ತಾನಾಗಿ ನಡೆಯುವ ಸಾಧನ. ಕೈಯಿಲ್ಲದೆಯೂ ಸಾಗರ ದಾಟಬಹುದು, ಗೂಟವಿಲ್ಲದೆ ಬಂದರನ್ನೂ ದಾಟಲಾಗದು ಎಂಬುದು ಇದರಿಂದ ಸಿದ್ಧವಾಯಿತು.

ಇನ್ನು ಸವೆತದ ಜ್ಞಾನ ಯಾವ ಪ್ರಮಾಣದಿಂದ ಬರುತ್ತದೆ ಎಂಬ ವಿಚಾರ. ದರ್ಶನಕಾರರಲ್ಲಿ ಶಬ್ದಪ್ರಮಾಣವೆಂದರೆ ಆಪ್ತವಾಕ್ಯವಾದರೆ, ದೋಣಿಯಲ್ಲಿ ಅದು ಅಕ್ಷರಶಃ ಶಬ್ದವೇ: ಲಂಗರು ಹಾಕಿ ಮಲಗಿದ ರಾತ್ರಿ, ಸಣ್ಣ ಅಲೆಯೊಂದು ಬಂದಾಗಲೆಲ್ಲ ತಲೆಯ ಹಿಂದಿನಿಂದ ಕೇಳುವ ‘ಟಕ್’. ದೋಣಿಯನ್ನು ದಡಕ್ಕೆತ್ತಿ ಚುಕ್ಕಾಣಿಯ ಕೆಳತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುವುದು ಪ್ರತ್ಯಕ್ಷ. ಅಲ್ಲಾಡಿದರೆ ಗೂಟ ತೆಳ್ಳಗಾಗಿ ಬಳೆ ಮೊಟ್ಟೆಯಾಕಾರಕ್ಕೆ ತಿರುಗಿರಬೇಕೆಂಬುದು ಅನುಮಾನ. ಸಂದು ಇದ್ದಲ್ಲಿ ಪೆಟ್ಟು ಬೀಳುತ್ತದೆ, ಪೆಟ್ಟು ಬಿದ್ದಲ್ಲಿ ಸಂದು ಬೆಳೆಯುತ್ತದೆ. ಇಲ್ಲಿ ಬೀಜವೃಕ್ಷನ್ಯಾಯವು ವಾರಕ್ಕೆ ಏಳೂ ದಿನ ರಜೆಯಿಲ್ಲದೆ ಕೆಲಸ ಮಾಡುತ್ತದೆ. ಹಾಗೆಂದು ಸಂದೇ ಇರಬಾರದೆನ್ನುವುದೂ ಸಲ್ಲದು. ಉಪ್ಪು, ಕಿಲುಬುಗಳು ತುಂಬಿಕೊಂಡು ಗೂಟಕ್ಕೂ ಬಳೆಗೂ ಭೇದವೇ ಅಳಿದುಹೋಗುವ ಅದ್ವೈತಸ್ಥಿತಿಯಲ್ಲಿ ದೋಣಿ ಒಂದೇ ದಿಕ್ಕಿಗೆ ಸಾಗುತ್ತದೆ, ಆ ದಿಕ್ಕಿನಲ್ಲಿ ಮೋಕ್ಷವಿದೆಯೋ ಬಂಡೆಯಿದೆಯೋ ಹೇಳಬರುವುದಿಲ್ಲ.

ದುರಸ್ತಿಯ ವಿಷಯದಲ್ಲಿ ಪೂರ್ವಪಕ್ಷವು ‘ಹಳೆಯದನ್ನೇ ಅಚ್ಚಾಗಿಸಿ ಹೊಸದನ್ನು ಎರಕ ಹೊಯ್ಯಿಸಿದರಾಯಿತು’ ಎನ್ನುತ್ತದೆ. ಇದು ಗ್ರಂಥಸಂಪಾದನೆಯ ಗಂಧವಿಲ್ಲದವರ ಮಾತು. ತಾಳೆಗರಿಯ ಲಿಪಿಕಾರನು ಮೂಲದ ತಪ್ಪನ್ನೂ ಭಕ್ತಿಯಿಂದ ನಕಲಿಸುವಂತೆ ಎರಕವೂ ಸವೆದ ಬಳೆಯಿಂದ ಸವೆದ ಬಳೆಯನ್ನೇ ಹೆರುತ್ತದೆ. ಅದಲ್ಲದೆ ಕಂಚು ಆರುವಾಗ ನೂರಕ್ಕೆ ಒಂದು ಪಾಲಿನಷ್ಟು, ಕೆಲವೊಮ್ಮೆ ತುಸು ಹೆಚ್ಚೇ, ಕುಗ್ಗುವುದರಿಂದ ತಪ್ಪು ಮೂಲಕ್ಕಿಂತ ಚಿಕ್ಕ ಗಾತ್ರದಲ್ಲಿ ಕೈಸೇರುತ್ತದೆ. ಆದುದರಿಂದ ಮೊದಲು ಪಾಠಶುದ್ಧಿಯಾಗಬೇಕು, ಅಂದರೆ ಸವೆದಷ್ಟು ಭಾಗಕ್ಕೆ ಮೇಣವನ್ನೋ ಪುಟ್ಟಿಯನ್ನೋ ಮೆತ್ತಿ ಅಚ್ಚನ್ನು ದಪ್ಪಗೊಳಿಸಬೇಕು. ಸಿದ್ಧಾಂತಿಗಳಾದರೋ ಬಳೆಯನ್ನು ಮತ್ತೆ ದುಂಡಗೆ ಕೊರೆಸಿ, ಅದರೊಳಗೆ ಬುಷ್ ಎಂಬ ತೆಳುವಾದ ಕೊಳವೆಯನ್ನು ಬಿಗಿಯಾಗಿ ಒತ್ತಿ ಕೂರಿಸುತ್ತಾರೆ. ಗೂಟಕ್ಕೆ ಬೆಸುಗೆಯಿಂದ ಲೋಹ ತುಂಬಿಸಿ ಲೇತ್ ಯಂತ್ರದಲ್ಲಿ ಮೊದಲಿನ ಅಳತೆಗೆ ತರುತ್ತಾರೆ. ಬುಷ್ ನೈಲಾನಿನದಾಗಿದ್ದರೆ ಅದು ನೀರು ಕುಡಿದು ಊದಿಕೊಳ್ಳುವುದರಿಂದ, ದಡದಲ್ಲಿ ಬೆಣ್ಣೆಯಂತೆ ತಿರುಗಿದ ಚುಕ್ಕಾಣಿ ಕಡಲಿಗಿಳಿದ ಮೇಲೆ ಹಟ ಹಿಡಿಯುತ್ತದೆ. ಅಸಿಟಾಲ್ ಎಂಬ ಪ್ಲಾಸ್ಟಿಕ್ಕು ಅಷ್ಟು ಬಾಯಾರಿಕೆಯದಲ್ಲ.

ಲೋಹಗಳ ಸಹವಾಸದೋಷವನ್ನು ಪ್ರತ್ಯೇಕವಾಗಿ ಹೇಳಬೇಕು. 1761ರಲ್ಲಿ ಬ್ರಿಟಿಷ್ ನೌಕಾಪಡೆಯು ಮರ ಕೊರೆಯುವ ಹುಳುಗಳ ಕಾಟಕ್ಕೆ ‘ಅಲಾರ್ಮ್’ ಎಂಬ ಹಡಗಿನ ಅಡಿಗೆ ತಾಮ್ರದ ತಗಡು ಹೊದಿಸಿತು. ಎರಡು ವರ್ಷದ ಬಳಿಕ ನೋಡಿದರೆ ತಾಮ್ರ ಚೆನ್ನಾಗಿತ್ತು, ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು, ಆದರೆ ತಗಡು ಸುತ್ತಿಬಂದಿದ್ದ ಕಂದು ಕಾಗದವನ್ನು ಕೆಲಸಗಾರರು ಎಲ್ಲೆಲ್ಲಿ ತೆಗೆಯದೆ ಬಿಟ್ಟಿದ್ದರೋ ಅಲ್ಲಿನ ಮೊಳೆಗಳು ಉಳಿದಿದ್ದವು. ಉಪ್ಪುನೀರಿನಲ್ಲಿ ಎರಡು ಲೋಹ ಮುಟ್ಟಿಕೊಂಡರೆ ಒಂದು ಇನ್ನೊಂದನ್ನು ತಿನ್ನುತ್ತದೆಂಬ ಸತ್ಯವೂ, ಸೋಮಾರಿತನವೂ ಒಂದು ಸಂಶೋಧನಾ ವಿಧಾನವೆಂಬ ಸತ್ಯವೂ ಹೀಗೆ ಒಟ್ಟಿಗೆ ಪ್ರಕಟವಾದವು. ಕಂಚಿನ ಬಳೆಗೆ ಕಂಚಿನ ಬೋಲ್ಟೇ ಬೇಕು. ಹಿತ್ತಾಳೆಯ ಬೋಲ್ಟು ಕಡಲಿನಲ್ಲಿ ತನ್ನ ಸತುವನ್ನು ಕಳೆದುಕೊಂಡು ನಸುಗೆಂಪಾಗುತ್ತದೆ, ಆ ಕೆಂಪು ನಾಚಿಕೆಯದಲ್ಲ.

ಬೋಲ್ಟಿನ ತೂತುಗಳ ಸುತ್ತ ಮರ ಮೆತ್ತಗಾಗಿದ್ದರೆ ಅವನ್ನು ದೊಡ್ಡದಾಗಿ ಕೊರೆದು, ಗಟ್ಟಿಗೊಳಿಸಿದ ಎಪಾಕ್ಸಿ ತುಂಬಿ, ಅದರ ನಡುವೆ ಹೊಸ ತೂತು ಮಾಡುವುದು ರೂಢಿ. ಬಿಗಿಯುವ ಮುನ್ನ ಎಲ್ಲ ಬಳೆಗಳಲ್ಲೂ ಒಂದೇ ನೇರ ಸರಳನ್ನು ತೂರಿಸಿ ನೋಡದಿದ್ದರೆ, ಬಿಡಿಬಿಡಿಯಾಗಿ ಸಜ್ಜನರಾದವರು ಒಟ್ಟಿಗೆ ಕೂತಾಗ ತಿರುಗದಿರುವ ಪ್ರಸಂಗವೊದಗುತ್ತದೆ. ಕೆಳಗಿನ ಗೂಟವನ್ನು ಮೇಲಿನದಕ್ಕಿಂತ ಉದ್ದ ಮಾಡುವುದರ ಮರ್ಮವು, ದೋಣಿಯ ಹಿಂಬದಿಯಿಂದ ತಲೆಕೆಳಗಾಗಿ ಜೋತು ಭಾರದ ಹಲಗೆಯೊಂದನ್ನು ಕಾಣದ ಎರಡು ಬಳೆಗಳಿಗೆ ಏಕಕಾಲಕ್ಕೆ ಸಿಕ್ಕಿಸಲು ಯತ್ನಿಸಿದವರಿಗೆ ಮಾತ್ರ ತಿಳಿಯುತ್ತದೆ: ಉದ್ದನೆಯದು ಮೊದಲು ಕೂತರೆ ಮತ್ತೊಂದನ್ನು ಸಾವಕಾಶ ಹುಡುಕಬಹುದು. ಈ ಘಟ್ಟದಲ್ಲಿ ಪಾನಾ ನೀರಿಗೆ ಬೀಳುವುದನ್ನು ಕ್ರಿಯಾವಿಧಿಯ ಅಂಗವೆಂದೇ ಎಣಿಸತಕ್ಕದ್ದು.

ಕೊನೆಯದಾಗಿ, ಗೂಟ ಬಳೆಯಿಂದ ಮೇಲೇಳದಂತೆ ತಡೆಯುವ ಅಗುಳಿ. ಮರದ ಚುಕ್ಕಾಣಿ ತೇಲುವ ವಸ್ತುವಾದುದರಿಂದ, ಈ ಬೆರಳಗಲದ ಅಗುಳಿಯನ್ನು ಮರೆತಲ್ಲಿ, ಹಿಂದಿನಿಂದ ಬಂದ ದೊಡ್ಡ ಅಲೆಯೊಂದು ಅದನ್ನು ಮೆಲ್ಲನೆ ಎತ್ತಿ ಬಿಡಿಸಿಕೊಂಡು, ಹಿಡಿಗೋಲನ್ನು ಮಾತ್ರ ನಾವಿಕನ ಕೈಯಲ್ಲಿ ಉಳಿಸಿ ಹೋಗುವುದು ಸಾಧ್ಯ. ಪತ್ರಿಕೆಗಳ ಲೆಕ್ಕದಲ್ಲಿ ಆತ ಆಗಲೂ ಚುಕ್ಕಾಣಿ ಹಿಡಿದವನೇ.