ಶಯ್ಯಾರಕ್ಷಾಮೀಮಾಂಸೆ

ಶಯನಗೃಹವೆಂಬ ಪದಾರ್ಥವು ನಿತ್ಯವೋ ಅನಿತ್ಯವೋ ಎಂಬುದನ್ನು ತೀರ್ಮಾನಿಸದೆ ಅದರ ರಕ್ಷಣೆಯ ಮಾತನ್ನೆತ್ತುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಗುವುದು. ಬೈಲಹೊಂಗಲದ ಹಳೆಯ ಮಾಳಿಗೆಮನೆಗಳಲ್ಲಿ ಹಾಡುಹಗಲು ದೀಪ ಹಚ್ಚಿ ಹುಡುಕಿದರೂ ಅದು ದೊರೆಯದು. ರಾತ್ರಿ ಊಟವಾಗಿ, ಮೂಲೆಯಲ್ಲಿ ಸುರುಳಿ ಸುತ್ತಿಟ್ಟ ಕೌದಿಗಳು ಪಡಸಾಲೆಯುದ್ದಕ್ಕೂ ಹರವಿಕೊಂಡ ಕ್ಷಣದಲ್ಲಿ ಉತ್ಪನ್ನವಾಗಿ, ಮುಂಜಾನೆ ಕಸ ಗುಡಿಸುವ ಹೊತ್ತಿಗೆ ಲಯ ಹೊಂದುವುದು. ಆದುದರಿಂದ ಅದು ಸ್ಥಳವಲ್ಲ, ಕಾಲವಿಶೇಷವೆಂಬುದು ನಮ್ಮ ಸಿದ್ಧಾಂತ.

ಈ ಶಾಸ್ತ್ರದ ಸೂತ್ರಕರ್ತೃ ನನ್ನ ತಾಯಿ. ಮೊಮ್ಮಕ್ಕಳಿಗೆ ಆಯಿಯಾದ ಕಾರಣ ಈಗ ಓಣಿಗೆಲ್ಲ ಆಯಿ. ಸೂತ್ರಗಳು ಎರಡೇ: "ಹಾಸಿಗಿ ಝಾಡಿಸಿ ಹಾಸ್ರಿ" ಎಂಬುದೊಂದು, "ಗ್ವಾಡಿಗೆ ಹತ್ತಿ ಮಲಗಬ್ಯಾಡ್ರಪಾ" ಎಂಬುದಿನ್ನೊಂದು. ಪೂರ್ವಸೂರಿಗಳಾರೂ ಇವಕ್ಕೆ ಭಾಷ್ಯ ಬರೆಯದ ಕಾರಣ ಆ ಭಾರ ನನ್ನ ಹೆಗಲಿಗೆ ಬಂದಿದೆ.

"ಝಾಡಿಸಿ" ಎಂಬಲ್ಲಿ ಸೂತ್ರಕರ್ತೃ ಮಹಾಪ್ರಾಣವನ್ನು ಬಳಸಿರುವುದರಿಂದ, ಕೌದಿಯ ಎರಡು ಚುಂಗು ಹಿಡಿದು ಇದ್ದ ಪ್ರಾಣವನ್ನೆಲ್ಲ ಹಾಕಿ ಕೊಡವಬೇಕೆಂಬ ಧ್ವನಿ ಹೊರಡುವುದು. ಹಳೆಯ ಸೀರೆ ಧೋತರಗಳ ಪದರುಗಳನ್ನು ಒತ್ತಾಗಿ ಹೊಲಿದ ಕೌದಿಯ ಮಡಿಕೆಯಲ್ಲಿ ಮಲಗುವ ಸುಖವನ್ನು ಚೇಳೂ ಬಲ್ಲುದಷ್ಟೆ. ಎರಡನೆಯ ಸೂತ್ರಕ್ಕೆ ಭೂಶಾಸ್ತ್ರವೇ ಆಧಾರ. ಈ ಸೀಮೆಯ ಎರೆಭೂಮಿಯು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ ಅದರ ಮೇಲಿನ ಗೋಡೆಯೂ ಸಂದು ಬಿಡುವುದು. ಸಂದಿನಲ್ಲಿ ಹಗಲೆಲ್ಲ ತಪೋನಿರತವಾದ ಚೇಳು ರಾತ್ರಿಯಾಗುತ್ತಲೇ ಗೋಡೆಯ ಬುಡ ಹಿಡಿದು ಸಂಚಾರ ಹೊರಡುವುದು. ಕೆಂಪು ಚೇಳಿನ ವಿಷವು ಎಳೆಯ ಮಕ್ಕಳ ಹೃದಯವನ್ನೇ ಕೆಡಿಸಬಲ್ಲುದೆಂದೂ, ಪ್ರಾಜೋಸಿನ್ ಎಂಬ ರಕ್ತದೊತ್ತಡದ ಗುಳಿಗೆಯನ್ನು ಬೇಗನೆ ಕೊಟ್ಟರೆ ಪ್ರಾಣ ಉಳಿಯುವುದೆಂದೂ ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡದ ವೈದ್ಯರಾದ ಹಿಮ್ಮತರಾವ್ ಬಾವಸ್ಕರರು. ಆಯಿ ಅವರ ಹೆಸರು ಕೇಳಿದವಳಲ್ಲ. ಆದರೂ ಉಭಯ ಮತಗಳಲ್ಲಿ ವಿರೋಧ ಕಾಣೆ. ಕಟ್ಟುಹಾವಂತೂ ನೆಲದ ಮೇಲೆ ಮಲಗಿದವನನ್ನು ಕಚ್ಚಿದುದು ಅವನಿಗೇ ತಿಳಿಯದಿರುವುದುಂಟು. ಗುಂಗಾಡಿಗೆಂದು ಕಟ್ಟಿದ ಪರದೆಯ ಅಂಚನ್ನು ಸುತ್ತಲೂ ಹಾಸಿಗೆಯಡಿ ಸಿಕ್ಕಿಸಿದರೆ ಅದೂ ಹೊರಗುಳಿಯುವುದು.

ಶಾಖಾಭೇದಗಳಿವೆ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗಿ ಅದರ ಕೆಳಗೇ ಮಲಗುವವರಿಗೆ ಗೋಡೆಯೇ ಇಲ್ಲದ ಕಾರಣ ದ್ವಿತೀಯ ಸೂತ್ರವು ಅನ್ವಯಿಸದು. ರಾಮದುರ್ಗ ತಾಲ್ಲೂಕಿನ ಸುರೇಬಾನದ ನೇಕಾರರಲ್ಲಿ ಮಗ್ಗಕ್ಕೂ ಮಕ್ಕಳಿಗೂ ಒಂದೇ ಕೋಣೆಯಾದಲ್ಲಿ ಕುಣಿಮಗ್ಗದ ಕುಣಿಗೆ ರಾತ್ರಿ ಹಲಗೆ ಮುಚ್ಚತಕ್ಕದ್ದು.

ಕಿತ್ತೂರಿನ ಶಾಖೆಯು ಇತಿಹಾಸಪ್ರಧಾನವಾದುದು. 1824ರಲ್ಲಿ ದೊರೆ ಶಿವಲಿಂಗರುದ್ರ ಸರ್ಜನು ತೀರಿಕೊಂಡಾಗ, ಆತನ ದತ್ತುಪುತ್ರನನ್ನು ವಾರಸುದಾರನೆಂದು ಒಪ್ಪದೆ, ಧಾರವಾಡದ ಕಲೆಕ್ಟರ್ ಥ್ಯಾಕರೆಯು ಖಜಾನೆಗೆ ಮುದ್ರೆಯೊತ್ತಿಸಿ, ಅಕ್ಟೋಬರ್ 23ರಂದು ಕೋಟೆಯ ಮುಂದೆ ಪ್ರಾಣ ನೀಗಿದನು. ಕೂಸಿಗಿಂತ ತಿಜೋರಿಯ ಚಿಂತೆ ಹೆಚ್ಚಿದವರ ಗತಿಗೆ ಇದಕ್ಕಿಂತ ಹಿರಿದಾದ ದೃಷ್ಟಾಂತ ಬೇಕೆ? ಇಂದಿಗೂ ಮದುವೆಯಲ್ಲಿ ಬಂದ ಉಕ್ಕಿನ ತಿಜೋರಿಗೆ ಕೀಲಿಯ ಮೇಲೆ ಕೀಲಿ ಹಾಕುವವರು, ಹುಡುಗನು ಅದರ ಖಾನೆಗಳನ್ನೇ ಮೆಟ್ಟಿಲು ಮಾಡಿ ಹತ್ತಿದರೆ ಅದು ಅವನ ಮೇಲೆಯೇ ಮಗುಚೀತೆಂದೆಣಿಸಿ ಗೋಡೆಗೊಂದು ಮೊಳೆ ಜಡಿದುದನ್ನು ನಾನು ಕಂಡಿಲ್ಲ. ಆ ಡಿಸೆಂಬರಿನಲ್ಲಿ ಕೋಟೆ ಬಿದ್ದಮೇಲೆ ರಾಣಿ ಚೆನ್ನಮ್ಮನನ್ನು ಕಂಪನಿಯವರು ನಮ್ಮ ಬೈಲಹೊಂಗಲದಲ್ಲಿಟ್ಟು, 1829ರಲ್ಲಿ ಆಕೆ ಕಣ್ಮುಚ್ಚುವವರೆಗೂ ಕಾವಲು ಕಾದರು. ಇಷ್ಟು ಭದ್ರವಾದ ಶಯನಗೃಹವು ಈ ಊರಲ್ಲಿ ಮತ್ತೆ ಆಗಲಿಲ್ಲ.

ಚಿಲಕಪ್ರಕರಣವನ್ನು ಬರೆಯುವ ಮುನ್ನವೇ ಅದರ ಪ್ರಯೋಗ ನಡೆದುಹೋಯಿತು. ಹೋದ ವರ್ಷ ಹಿತ್ತಲ ಕಡೆ ನಾನೊಂದು ಬೆಡ್‌ರೂಮು ಕಟ್ಟಿಸಲು, ನಾಲ್ಕು ವರ್ಷದ ಮಗನು ಮಧ್ಯಾಹ್ನ ಒಳಹೊಕ್ಕು ಚಿಲಕ ಜಡಿದುಕೊಂಡನು. ಹೆಂಡತಿ ಅತ್ತಳು, ನಾನು ತರ್ಕಿಸಿದೆನು, ಬಡಿಗೇರನು ಉಳಿ ಹಿಡಿದು ಬಂದನು. ಅಷ್ಟರಲ್ಲಿ ಆಯಿ ನಮ್ಮನ್ನೆಲ್ಲ ಸರಿಸಿ, ಬಾಗಿಲ ಸಂದಿಗೆ ಬಾಯಿಟ್ಟು, "ತಮ್ಮಾ, ಹಾಸಿಗಿ ಝಾಡಿಸಿದೇನು?" ಎಂದಳು.

"ಹೂಂ ಆಯಿ."

"ಗ್ವಾಡಿಗೆ ಹತ್ತಿ ಮಲಗಿಲ್ಲ ಹೌದಿಲ್ಲೋ?"

"ಇಲ್ಲ."

"ಶಾಣ್ಯಾ. ಹಂಗಾರ ಚಿಲಕಾ ತಗಿ."

ತೆಗೆದನು. ಕರೆಸಿಕೊಂಡ ಬಡಿಗೇರನು ಬರಿದೆ ಹೋಗಬಾರದೆಂದು ಚಿಲಕವನ್ನು ಬಿಚ್ಚಿ ಎರಡು ಮೊಳ ಮೇಲೆ ಜಡಿದನು. ಈಗ ಅದು ಆಯಿಗೂ ನಿಲುಕದು.